ಕ್ಲಚ್ ಪೆಡಲಿನ ಮೇಲೊಂದು ಮಣೆ

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ತಂಗಿಯ ಮಗಳು ಬೆನ್ನು ಹತ್ತಿದ್ದಾಳೆ. ಅವಳು ಐಟಿಐಯಲ್ಲಿ ಮೆಕ್ಯಾನಿಕ್ ವಿಭಾಗಕ್ಕೆ ಪಾಠ ಹೇಳುತ್ತಾಳೆ. "ಮಾವ, ಯಾವಾಗ ಪ್ರಮೋಷನ್ ಆಯ್ತು, ಯಾರು ಶಾಲು ಹೊದಿಸಿದ್ರು, ಅದೆಲ್ಲ ಬೇಡ. ನೀವು ಕೆಡಿಸಿದ ಗಾಡಿಗಳ ಬಗ್ಗೆ ಬರೀರಿ. ಅದನ್ನಾದ್ರೆ ನಮ್ಮ ಸ್ಟೂಡೆಂಟ್ಸ್ ಓದ್ತಾರೆ," ಎಂದಳು. ಕೆಡಿಸಿದ ಗಾಡಿಗಳನ್ನೆಲ್ಲ ಬರೆಯಲು ಕೂತರೆ ಒಂದು ನೋಟ್‌ಬುಕ್ಕು ಸಾಲದು. ಅವುಗಳಲ್ಲಿ ಒಂದು ಮಾತ್ರ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಅದು ಕೆ.ಆರ್. ಪುರದಾಚೆಯ ಪಿಳ್ಳಮ್ಮನವರ ಹಳೆಯ ಪಿಕಪ್ಪು. ಅದನ್ನು ಕೆಡಿಸಿದ ಮೇಲೆಯೇ ನಾನು ಮೆಕ್ಯಾನಿಕ್ ಆದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ನನ್ನ ಹೆಸರು ಸಂಪಂಗಿ. ಹುಟ್ಟಿ ಬೆಳೆದದ್ದು ಹಲಸೂರು. ಕೆಲಸ ಕಲಿತದ್ದು ಶಿವಾಜಿನಗರದ ಒಂದು ತಗಡಿನ ಶೆಡ್ಡಿನಲ್ಲಿ. ಶೆಡ್ಡಿನ ಒಡೆಯರು ಗಫಾರ್ ಸಾಬರು, ನಮಗೆಲ್ಲ ಉಸ್ತಾದ್. ಅವರ ಮನೆಮಾತು ದಖ್ಖನಿ, ನನ್ನದು ತೆಲುಗು, ಟಿಂಕರ್ ಕೆಲಸದವನದು ತಮಿಳು. ಆದರೆ ಒಬ್ಬರನ್ನೊಬ್ಬರು ಬೈಯುವುದಕ್ಕೆ ಎಲ್ಲರೂ ಕನ್ನಡವನ್ನೇ ಆರಿಸಿಕೊಂಡಿದ್ದೆವು.

ಈಗಿನವರಿಗೆ ಹಳೆಯ ಗಾಡಿಗಳ ಕ್ಲಚ್ಚು ಹೇಗಿತ್ತೆಂದು ಒಂದಿಷ್ಟು ಹೇಳಬೇಕು. ಈಗ ಬಹಳಷ್ಟು ಗಾಡಿಗಳಲ್ಲಿ ಪೆಡಲು ಒತ್ತಿದರೆ ಎಣ್ಣೆ ಒತ್ತಿಕೊಂಡು ಹೋಗಿ ಕೆಲಸ ಮಾಡುತ್ತದೆ, ಸವೆತಕ್ಕೆ ತಕ್ಕಂತೆ ಅದೇ ಹೊಂದಿಸಿಕೊಳ್ಳುತ್ತದೆ. ಆಗ ಹಾಗಿರಲಿಲ್ಲ. ಪೆಡಲಿನಿಂದ ಕೆಳಗೆ ಒಂದು ಕಬ್ಬಿಣದ ರಾಡು, ಅದರ ತುದಿಗೆ ಒಂದು ತೋಳು, ಅಲ್ಲಿಂದ ಗೇರ್‌ಬಾಕ್ಸಿನ ತನಕ ಮರೆ, ಅಂದರೆ ತಿರುಪಿನ ಸುತ್ತು, ಇರುವ ಇನ್ನೊಂದು ರಾಡು. ಆ ಮರೆಯ ಮೇಲಿನ ನಟ್ಟು ತಿರುಗಿಸಿ ರಾಡಿನ ಉದ್ದ ಹೆಚ್ಚು ಕಡಿಮೆ ಮಾಡುವುದೇ ಕ್ಲಚ್ ಅಡ್ಜಸ್ಟ್‌ಮೆಂಟು. ಪೆಡಲು ಒತ್ತಿದಾಗ ಮೊದಲು ಸ್ವಲ್ಪ ದೂರ ಅದು ಖಾಲಿ ಹೋಗಬೇಕು, ಆಮೇಲೆ ಬಿಗಿ ಹತ್ತಬೇಕು. ಆ ಖಾಲಿ ದೂರಕ್ಕೆ ನಾವು ಪ್ಲೇ ಎನ್ನುತ್ತಿದ್ದೆವು. ಪ್ಲೇ ಪೂರ್ತಿ ಹೋದರೆ ಕ್ಲಚ್ಚು ಜಾರಿ ಪ್ಲೇಟು ಸುಡುತ್ತದೆ. ವಿಪರೀತ ಹೆಚ್ಚಾದರೆ ಪೆಡಲು ಒತ್ತಿದರೂ ಕ್ಲಚ್ಚು ಬಿಡುವುದಿಲ್ಲ, ಗೇರು ಕರ್ರೆನ್ನುತ್ತದೆ, ನಿಂತ ಗಾಡಿ ತೆವಳುತ್ತದೆ. ಹೊಸ ಪ್ಲೇಟು ಹಾಕಿದ ಮೇಲೆ ಹಳೆಯ ಅಳತೆ ನಡೆಯುವುದಿಲ್ಲ, ಮೊದಲಿಂದ ಹೊಂದಿಸಬೇಕು.

ಉಸ್ತಾದ್ ಸ್ಕೇಲು ಹಿಡಿದವರಲ್ಲ. ಪೆಡಲಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಒತ್ತುವರು. "ಕಾಲಿಗೆ ಸೊಕ್ಕು ಜಾಸ್ತಿ ಕಣೋ, ಕೈ ಸುಳ್ಳು ಹೇಳಲ್ಲ," ಎನ್ನುವರು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಕುಕ್ ಟೌನಿನ ಒಂದು ಬೇಕರಿಯ ವ್ಯಾನಿಗೆ ಪ್ಲೇ ಬಿಡದೆ ಬಿಗಿದು ಕಳಿಸಿದ್ದೆ. ಒಂದೇ ವಾರದಲ್ಲಿ ವಾಪಸ್ಸು ಬಂತು, ಬ್ರೆಡ್ಡಿನ ವಾಸನೆಯನ್ನು ಮೀರಿಸುವಂಥ ಸುಟ್ಟ ವಾಸನೆ. ಉಸ್ತಾದ್ ಬೈಯಲಿಲ್ಲ. ಗೇರ್‌ಬಾಕ್ಸನ್ನು ನನ್ನೊಬ್ಬನ ಕೈಯಲ್ಲೇ ಇಳಿಸಿ ಏರಿಸಿದರು. ಬೆನ್ನು ನೋವು ಹೋಗುವಷ್ಟರಲ್ಲಿ ಪಾಠ ಒಳಗೆ ಹೋಗಿತ್ತು.

ಅಲ್ಲಿಂದ ಮುಂದೆ ಏಳೆಂಟು ವರ್ಷ ಕ್ಲಚ್ ಕೆಲಸ ಬಂದರೆ "ಸಂಪಂಗಿಗೆ ಕೊಡಿ" ಎನ್ನುವಂತಾಯಿತು. ಈ ಮಾತು ಕಿವಿಗೆ ಬಿದ್ದೂ ಬಿದ್ದೂ ತಲೆ ಸ್ವಲ್ಪ ತಿರುಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಉಸ್ತಾದ್ ಮಗಳ ಮದುವೆಗೆಂದು ಕೋಲಾರಕ್ಕೆ ಹೋಗಿದ್ದರು. ಆ ವಾರ ಅಶ್ವತ್ಥ ಎಂಬಾತ ಒಂದು ಹಳೆಯ ಪಿಕಪ್ಪು ತಂದು ನಿಲ್ಲಿಸಿದ. ಕೆ.ಆರ್. ಪುರದಾಚೆಯ ಊರಿನವನು, ಆರಡಿ ಆಳು. ಅಣ್ಣನ ಮನೆಯ ಗಾಡಿ, ದಿನಾ ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ಟಿಗೆ ಸೊಪ್ಪು ತರುತ್ತದೆ, ಕ್ಲಚ್ಚು ಮುಗಿದಿದೆ ಎಂದ. ಗೇರ್‌ಬಾಕ್ಸು ಇಳಿಸಿ ಹೊಸ ಪ್ಲೇಟು, ಬೇರಿಂಗು ಹಾಕಿದೆ. ಅಲ್ಲಿಯ ತನಕ ಎಲ್ಲ ಸರಿ.

ಆ ಗಾಡಿಯ ಕ್ಲಚ್ ಪೆಡಲಿನ ಮೇಲೆ ಒಂದೂವರೆ ಇಂಚು ದಪ್ಪದ ಮರದ ತುಂಡೊಂದನ್ನು ಬೋಲ್ಟು ಹಾಕಿ ಕೂರಿಸಿದ್ದರು, ಮೇಲೆ ಟೈರಿನ ರಬ್ಬರು ಹೊದಿಸಿತ್ತು. ರಾಡೂ ಮಾಮೂಲಿ ಅಳತೆಗಿಂತ ಉದ್ದಕ್ಕೆ ನಿಂತಿತ್ತು, ಪ್ಲೇ ಬರೀ ಅರ್ಧ ಬೆರಳು. ಯಾವನೋ ರಸ್ತೆ ಬದಿಯ ಮೇಸ್ತ್ರಿಯ ಕಿತಾಪತಿ ಎಂದುಕೊಂಡೆ. ಮರದ ತುಂಡನ್ನು ಬಿಚ್ಚಿ ಪಕ್ಕದ ಟೆಂಪೋದ ಹಿಂಚಕ್ರಕ್ಕೆ ಅಡ್ಡ ಕೊಟ್ಟೆ. ಸೀಟಿನಲ್ಲಿ ಕೂತು, ನನ್ನ ಕಾಲಿನಲ್ಲಿ ನೋಡಿ, ಎರಡು ಬೆರಳು ಪ್ಲೇ ಬಿಟ್ಟು ಲಾಕ್ ನಟ್ಟು ಬಿಗಿದೆ. ಸೀಟಿಗೆ ಒರಗಿಸಿ ಕಟ್ಟಿದ್ದ ದಿಂಬೊಂದು ಬೆನ್ನಿಗೆ ಒತ್ತುತ್ತಿತ್ತು, ಅದನ್ನೂ ಕಿತ್ತು ಹಿಂದೆ ಎಸೆದೆ. ಯಾರಿಗೋ ಬೆನ್ನು ನೋವಿರಬೇಕು ಎಂದು ನಕ್ಕೆ ಕೂಡ. ಕಾಲಡಿಯ ಮ್ಯಾಟು ಎತ್ತಿ ಕೊಡವಿದಾಗ ಹಸಿರು ಗಾಜಿನ ಬಳೆಚೂರು ಉದುರಿತು. ಗುಡಿಸಿ ಹಾಕಿದೆ.

ಇದನ್ನು ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ. ಗಾಡಿ ತನ್ನನ್ನು ಓಡಿಸುವವರು ಯಾರೆಂದು ಮೂರು ಸಲ ಹೇಳಿತು, ನಾನು ಮೂರು ಸಲವೂ ಗುಡಿಸಿ ಹಾಕಿದೆ.

ಅಶ್ವತ್ಥ ಬಂದು ಗಾಡಿ ತಗೊಂಡು ಒಂದು ಸುತ್ತು ಹೊಡೆದ. "ಈಗ ನೋಡ್ರೀ ಗಾಡಿ ಅಂದ್ರೆ ಗಾಡಿ!" ಎಂದು ನನ್ನ ಬೆನ್ನು ತಟ್ಟಿದ. ನಮ್ಮೂರಿನ ಇನ್ನೂ ಮೂರು ಗಾಡಿ ನಿಮ್ಮಲ್ಲಿಗೇ ಕಳಿಸ್ತೀನಿ ಎಂದ. ನಾನು ಅವತ್ತು ಎರಡು ಟೀ ಹೆಚ್ಚಿಗೆ ಕುಡಿದೆ.

ನಾಲ್ಕನೆಯ ದಿನ ಉಸ್ತಾದ್ ಊರಿಂದ ಬಂದರು. ಅವತ್ತೇ ಹತ್ತು ಗಂಟೆಯ ಸುಮಾರಿಗೆ ಶೆಡ್ಡಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ವಯಸ್ಸು, ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ಎತ್ತರ, ಕೈತುಂಬ ಹಸಿರು ಬಳೆ. ಉಸ್ತಾದರಿಗೆ ಕೈ ಮುಗಿದು, ನನ್ನ ಕಡೆ ತಿರುಗಿ ಕೇಳಿದಳು.

"ನನ್ ಮಣೆ ಎಲ್ಲಿ ಮಡಗಿದ್ದೀಯಣ್ಣ?"

"ಯಾವ ಮಣೇನಮ್ಮಾ?"

"ಕ್ಲಚ್ಚಿನ ಮ್ಯಾಲಿತ್ತಲ್ಲ, ನನ್ ಮಣೆ."

ನನ್ನ ಕಣ್ಣು ತಾನಾಗಿ ಟೆಂಪೋದ ಹಿಂಚಕ್ರದ ಕಡೆ ಹೋಯಿತು. ಅವಳ ಕಣ್ಣೂ ನನ್ನ ಕಣ್ಣಿನ ಹಿಂದೆಯೇ ಹೋಯಿತು. ಉಸ್ತಾದರ ಕಣ್ಣೂ ಹೋಯಿತು. ಎಣ್ಣೆ ಕುಡಿದು ಕಪ್ಪಾಗಿ, ಚಕ್ರದ ಕೆಳಗೆ ಬಿದ್ದಿತ್ತು ಆ ಮಣೆ.

ಅವರೇ ಪಿಳ್ಳಮ್ಮ. ಗಂಡ ಮುನಿಯಪ್ಪನಿಗೆ ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಮಂಜಾದಾಗ, ಆತನೇ ಒಣಗಿದ ಕೆರೆಯಂಗಳದಲ್ಲಿ ಹೆಂಡತಿಗೆ ಡ್ರೈವಿಂಗ್ ಕಲಿಸಿ, ಲೈಸೆನ್ಸು ಮಾಡಿಸಿದ್ದ. ಸೊಪ್ಪು ತುಂಬಿಕೊಂಡು ಆಕೆ ಓಡಿಸುವುದು, ಪಕ್ಕದಲ್ಲಿ ಆತ ಕೂರುವುದು. ಆ ಗಾಡಿಯ ಸೀಟು ಮುಂದಕ್ಕೆ ಸರಿಯುವಂಥದ್ದಲ್ಲ. ಬ್ರೇಕು ಅರ್ಧ ಒತ್ತಿದರೂ ಹಿಡಿಯುತ್ತದೆ, ಕ್ಲಚ್ಚು ಮಾತ್ರ ಕೊನೆಯ ತನಕ ಹೋಗಬೇಕು, ಅಲ್ಲಿಗೆ ಆಕೆಯ ಕಾಲು ಎಟುಕುತ್ತಿರಲಿಲ್ಲ. ಉಸ್ತಾದರೇ ಅವರೂರಿಗೆ ಹೋಗಿ, ಆಕೆಯ ಕಾಲಿಗೆ ದಾರ ಹಿಡಿದು ಅಳೆದು ಮಣೆ ಮಾಡಿಸಿ, ಬೇಗ ಕ್ಲಚ್ಚು ಬಿಡುವಂತೆ ರಾಡು ಹೊಂದಿಸಿದ್ದರು. ನಾನು ರಸ್ತೆ ಬದಿಯ ಮೇಸ್ತ್ರಿ ಎಂದು ನಕ್ಕದ್ದು ನನ್ನ ಗುರುವಿನ ಕೆಲಸಕ್ಕೆ.

ನಾನು ಸರಿ ಮಾಡಿ ಕಳಿಸಿದ ಮಾರನೆಯ ದಿನ ಬೆಳಿಗ್ಗೆ ಪಿಳ್ಳಮ್ಮ ಮಾಮೂಲಿನಂತೆ ಹೊರಟಿದ್ದರು. ಮಣೆ ಇಲ್ಲದ್ದನ್ನು ನೋಡಿದರೂ ಸೊಪ್ಪು ಬಾಡುತ್ತದೆಂದು ಹೇಗೋ ಹೊರಟುಬಿಟ್ಟರು. ಹಲಸೂರಿನ ಹತ್ತಿರ ಬಸ್ಸಿನ ಹಿಂದೆ ನಿಂತಾಗ, ಎಷ್ಟು ಒತ್ತಿದರೂ ಗಾಡಿ ತೆವಳತೊಡಗಿತು. ಸೀಟಿನ ತುದಿಗೆ ಜಾರಿ ಬೆರಳ ತುದಿಯಿಂದ ಒತ್ತಿದರು. ಸೊಪ್ಪಿನ ನೀರಿಗೆ ಒದ್ದೆಯಾದ ಬರಿಗಾಲು ಪೆಡಲಿನಿಂದ ಜಾರಿತು. ಗಾಡಿ ಒಮ್ಮೆಲೇ ಎಡಕ್ಕೆ ಜಿಗಿದು ಎಳನೀರಿನ ತಳ್ಳುಗಾಡಿಯನ್ನು ಉರುಳಿಸಿತು. ಎಳನೀರಿನವನು ಒಂದು ಗೇಣು ಆಚೆ ಇದ್ದುದರಿಂದ ಅವನ ಕಾಲು ಉಳಿಯಿತು.

ಆ ಒಂದು ಗೇಣನ್ನು ನಾನು ಇವತ್ತಿಗೂ ಮರೆತಿಲ್ಲ.

"ಗಾಡಿ ಕೀ ಕಿತ್ಕೊಂಡವ್ನೆ ನಮ್ ಮೈದ," ಎಂದರು ಪಿಳ್ಳಮ್ಮ. "ಹೆಂಗಸು ಕೈಗೆ ಗಾಡಿ ಕೊಟ್ರೆ ಇಂಗೇ ಆಗೋದು ಅಂತ ಊರೆಲ್ಲ ಹೇಳ್ಕೊಂಡು ಬಂದವ್ನೆ. ಇವತ್ತಿಂದ ನಾನೇ ಓಡಿಸ್ತೀನಿ, ಮಾರ್ಕೆಟ್ಟೂ ನಾನೇ ನೋಡ್ಕೋತೀನಿ ಅಂತಾನೆ. ಎಂಟು ವರ್ಸ ಓಡಿಸಿದೀನಣ್ಣ, ಒಂದು ಕೋಳೀಗೂ ತಗಲಿಸ್ಲಿಲ್ಲ. ನಂಗೇ ಕೈ ತಪ್ತೋ, ಗಾಡೀಲೇ ಏನಾರ ಆಯ್ತೋ, ಅದೊಂದು ಹೇಳ್ಬಿಡಿ. ನನ್ ಕೈಯೇ ತಪ್ಪಿದ್ರೆ ಬಿಟ್ಬಿಡ್ತೀನಿ."

ಆಕೆ ಜಗಳಕ್ಕೆ ಬಂದಿರಲಿಲ್ಲ. ತನ್ನ ಮೇಲೆ ತನಗೇ ಅನುಮಾನ ಬಂದು, ಕೇಳಿಕೊಂಡು ಹೋಗಲು ಬಸ್ಸು ಹತ್ತಿ ಬಂದಿದ್ದರು. ಇದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಉಸ್ತಾದ್ ಚಕ್ರದ ಕೆಳಗಿನ ಮಣೆಯನ್ನು ತೆಗೆದು, ಬಟ್ಟೆಯಲ್ಲಿ ಒರೆಸಿ, ನನ್ನ ಕೈಗಿಟ್ಟರು. "ಈ ಮಣೆ ವಿಷ್ಯ ನಿಂಗೆ ಹೇಳ್ದೆ ಊರಿಗೆ ಹೋದೆ, ಅದು ನನ್ ತಪ್ಪು. ಕೇಳ್ದೆ ಬಿಚ್ಚಿದ್ದು ನಿನ್ದು. ಪಾನಾ ತಗೋ, ನಡಿ."

"ಅಲ್ಲಿ ಏನಂತ ಹೇಳ್ಲಿ ಉಸ್ತಾದ್?"

"ನಂಗೇನ್ ಗೊತ್ತು? ನಟ್ಟು ಟೈಟ್ ಮಾಡ್ದೋನು ನೀನು."

ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಉಸ್ತಾದರ ಸ್ಕೂಟರಿನ ಹಿಂದೆ ಕೂತು ಹೋದೆ. ಪಿಳ್ಳಮ್ಮ ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಹಳೆ ಮದ್ರಾಸ್ ರಸ್ತೆ ಉದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಹೊಸ ಪ್ಲೇಟು ಮೊದಮೊದಲು ಹಾಗೇ ಮಾಡುತ್ತದೆ ಎನ್ನಬಹುದು. ರಾಡು ತಾನಾಗಿ ಸಡಿಲವಾಯಿತು ಎನ್ನಬಹುದು. ಕ್ಲಚ್ಚಿನ ವಿಷಯದಲ್ಲಿ ಸುಳ್ಳು ಹೇಳಿದರೆ ಹಿಡಿಯುವವರು ಕಡಿಮೆ. ಹೊಸದಾಗಿ ಕೆಲಸಕ್ಕೆ ಬರುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಗಾಡಿಯ ಕೆಳಗೆ ನಾವು ಏನು ಮಾಡಿದೆವು ಎಂಬುದು ನಮಗೆ ಮಾತ್ರ ಗೊತ್ತಿರುತ್ತದೆ.

ಮನೆಯ ಮುಂದೆ ಗಾಡಿ ನಿಂತಿತ್ತು, ಬಂಪರು ಸೊಟ್ಟಗಾಗಿತ್ತು. ಜಗಲಿಯ ಮೇಲೆ ಮುನಿಯಪ್ಪ ಕೂತಿದ್ದರು, ಕಣ್ಣಿಗೆ ಕಪ್ಪು ಕನ್ನಡಕ. ಅಶ್ವತ್ಥ ಕಂಬಕ್ಕೆ ಒರಗಿದ್ದ, ಅಕ್ಕಪಕ್ಕದ ನಾಲ್ಕೈದು ಜನ ಸೇರಿದ್ದರು. ಪಿಳ್ಳಮ್ಮ ಬಾಗಿಲಲ್ಲಿ ನಿಂತಿದ್ದರು. ಅಶ್ವತ್ಥ ನನ್ನನ್ನು ನೋಡಿ, "ಬನ್ನಿ ಬನ್ನಿ, ನೀವೇ ಹೇಳಿ ಇವ್ರಿಗೆ. ಗಾಡಿ ಪಸ್ಟ್‌ಕ್ಲಾಸ್ ಮಾಡ್ಕೊಟ್ರಿ ತಾನೆ?" ಎಂದ.

"ಮಾಡ್ಕೊಟ್ಟೆ ಸಾರ್," ಎಂದೆ. "ನಿಮ್ ಕಾಲಿಗೆ ಮಾಡ್ಕೊಟ್ಟೆ. ಓಡಿಸೋರು ಯಾರು ಅಂತ ಕೇಳ್ಲೇ ಇಲ್ಲ. ಅಮ್ಮಾವ್ರ ಮಣೆ ಬಿಚ್ಚಿದ್ದು ನಾನು, ರಾಡು ಕಮ್ಮಿ ಮಾಡಿದ್ದು ನಾನು. ಅವತ್ತು ಗುದ್ದಿದ್ದು ಅವ್ರಲ್ಲ, ನಾನು."

ಅಶ್ವತ್ಥನ ಮುಖ ಕೆಂಪಾಯಿತು. "ಒಂದು ಮರದ ತುಂಡಿಗೆ ಇಷ್ಟೊಂದಾ? ಓಡಿಸೋಕೆ ಬಂದ್ರೆ ಎಂಗಿದ್ರೂ ಓಡಿಸ್ಬೇಕಪ್ಪ!" ಎಂದ.

"ಮೊದ್ಲು ಮಣೆ ಕೂರ್ಸು," ಎಂದರು ಉಸ್ತಾದ್ ನನಗೆ.

ಬೋಲ್ಟು ಹಾಕಿ ಮಣೆ ಕೂರಿಸಿದೆ. ಪಿಳ್ಳಮ್ಮ ಸೀಟಿನಲ್ಲಿ ಕೂತರು, ಬೆನ್ನಿಗೆ ದಿಂಬು ಕಟ್ಟಿದೆ. ಮುನಿಯಪ್ಪ ತಡವುತ್ತ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ನಾನು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿದೆ.

ಒಂದು ಸುತ್ತು ತಿರುಗಿಸಿ ಕೇಳಿದೆ: "ಹಿಡೀತಾಮ್ಮಾ?"

"ಇನ್ನೂ ಇಲ್ಲ ಕಣಣ್ಣ."

ಇನ್ನೊಂದು ಸುತ್ತು. "ಈಗ?"

"ಈಗ ಬಂತು. ಒಸಿ ಮೊದ್ಲೇ ಬರ್ತಿತ್ತು."

ಅರ್ಧ ಸುತ್ತು. ಎಂಜಿನ್ ಚಾಲೂ ಮಾಡಿಸಿ, ಗೇರು ಹಾಕಿಸಿದೆ. ಮೆಲ್ಲಗೆ ಕರ್ರೆಂದಿತು. ಮತ್ತೆ ನಿಲ್ಲಿಸಿ ಕಾಲು ಸುತ್ತು. ಈ ಸಲ ಗೇರು ಬಿದ್ದದ್ದು ನನಗೇ ಕೇಳಿಸಲಿಲ್ಲ. ಮೇಲಿಂದ ಮುನಿಯಪ್ಪ ಹೇಳಿದರು, "ಸಾಕು ಬಿಡಪ್ಪ. ಇದೇ ನಮ್ ಗಾಡಿ."

ಕಣ್ಣು ಕಾಣದ ಮನುಷ್ಯ ಬಾನೆಟ್ಟಿನ ಮೇಲಿನ ಅಂಗೈಯಿಂದ ಅದನ್ನು ಕಂಡುಕೊಂಡಿದ್ದರು. ಲಾಕ್ ನಟ್ಟು ಬಿಗಿಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಗಾಡಿಯ ಕೆಳಗಿನ ಧೂಳು ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲಿಲ್ಲ.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಅಶ್ವತ್ಥನಿಗೆ ತಡೆಯಲಾಗಲಿಲ್ಲ. "ಇಳೀರಿ ಅತ್ಗೆ, ಎಂಗೆ ಓಡಿಸೋದು ಅಂತ ತೋರಿಸ್ತೀನಿ," ಎಂದು ತಾನೇ ಹತ್ತಿ ಕೂತ. ದಿಂಬು ಕಟ್ಟಿದ ಸೀಟಿನಲ್ಲಿ ಅವನ ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ಮಣೆಯ ಮೇಲಿನ ಕಾಲು ಎಲ್ಲಿ ಬಿಡಬೇಕೆಂದು ತಿಳಿಯದೆ ಒಮ್ಮೆಲೇ ಬಿಟ್ಟ. ಗಾಡಿ ಎರಡು ಸಲ ಕುಪ್ಪಳಿಸಿ, ಹುಲ್ಲುಬಣವೆಗೆ ಮೂತಿ ತೂರಿಸಿ ಆಫ್ ಆಯಿತು. ಮೇಲಿನ ಹುಲ್ಲೆಲ್ಲ ಜಾರಿ ಗ್ಲಾಸಿನ ಮೇಲೆ ಬಿತ್ತು. ಜಗಲಿಯ ಮೇಲಿದ್ದ ಮುದುಕನೊಬ್ಬ, "ಲೇ ಅಶ್ವತ್ಥ, ಗಾಡಿಗೆ ಮೇವು ಹಾಕ್ತಿದ್ದೀಯೇನ್ಲಾ?" ಎಂದ. ನಗು ಕಟ್ಟೆಯೊಡೆಯಿತು. ಒಳಗಿದ್ದ ಅಶ್ವತ್ಥನೂ ಸ್ವಲ್ಪ ಹೊತ್ತಿಗೆ ನಕ್ಕ. ಅವನೇನೂ ಕೆಟ್ಟವನಲ್ಲ.

ಇಳಿದು ಬಂದು ಕೀಯನ್ನು ಅತ್ತಿಗೆಯ ಕೈಗೆ ಕೊಟ್ಟ. ಪಿಳ್ಳಮ್ಮ ಹತ್ತಿ, ಹುಲ್ಲು ಕೊಡವಿಸಿ, ಎರಡು ಕಲ್ಲುಕಂಬದ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸಿದರು. ಎರಡು ಕಡೆಗೂ ಒಂದೊಂದು ಅಂಗೈ ಜಾಗ ಉಳಿದಿತ್ತು. ಆಮೇಲೆ ನಮಗಿಬ್ಬರಿಗೂ ಮುದ್ದೆ, ಬಸ್ಸಾರು ಬಡಿಸಿದರು. ನನ್ನ ತಟ್ಟೆಗೆ ಎರಡನೆಯ ಮುದ್ದೆ ಕೇಳದೆ ಬಿತ್ತು. ತಪ್ಪು ಒಪ್ಪಿಕೊಂಡವನಿಗೆ ಊಟ ರುಚಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಅಶ್ವತ್ಥ ಹೇಳಿದ್ದ ಆ ಮೂರು ಗಾಡಿಗಳೂ ಮುಂದೆ ನಮ್ಮಲ್ಲಿಗೇ ಬಂದವು. ಪ್ರತಿಸಲವೂ ಅವನು, "ಓಡಿಸೋರು ನಾನೇ, ಬರ್ಕೊಳ್ಳಿ," ಎಂದು ರೇಗಿಸುತ್ತಿದ್ದ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ ಉಸ್ತಾದ್ ತಮ್ಮ ಪಾನಾವನ್ನು ನನ್ನ ಕೈಗಿಟ್ಟು ಶೆಡ್ಡು ಮುಚ್ಚಿದರು. ನಾನು ದೊಡ್ಡನೆಕ್ಕುಂದಿಯ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿ ಎಲ್ಲಕ್ಕೂ ಕಂಪ್ಯೂಟರು, ಎಲ್ಲ ಕೆಲಸಕ್ಕೂ ಒಂದು ಕಾರ್ಡು. ಗಾಡಿಯ ನಂಬರು, ಎಷ್ಟು ಓಡಿದೆ, ಏನು ತೊಂದರೆ ಎಂಬುದಕ್ಕೆಲ್ಲ ಜಾಗವಿತ್ತು. ಓಡಿಸುವವರು ಯಾರು ಎಂಬುದಕ್ಕೆ ಇರಲಿಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ. ಹುಬ್ಬಳ್ಳಿ ಕಡೆಯ ಸೂಪರ್‌ವೈಸರ್ ಸಾಹೇಬರು ಒಂದು ದಿನ ಕರೆಸಿದರು.

"ಸಂಪಂಗಿಯವರ, ಕಾರ್ಡಿನ್ಯಾಗ ಏನ್ ಬರದೀರಿ ಇದು? 'ಅಜ್ಜ, ಎಡಮೊಣಕಾಲು ನೋವು' ಅಂತ? ಇದೇನ್ ಗಾಡಿ ಕಾರ್ಡೋ, ಡಾಕ್ಟರ್ ಚೀಟಿಯೋ?"

ಪಿಳ್ಳಮ್ಮನ ಕಥೆ ಹೇಳಿದೆ. ಪೂರ್ತಿ ಕೇಳಿ, "ಬರೀರಿ ಬಿಡ್ರಿ," ಎಂದರು. ತಿಂಗಳೊಪ್ಪತ್ತಿನಲ್ಲಿ ಕಾರ್ಡಿನ ಕೊನೆಗೆ 'ಓಡಿಸುವವರು ಯಾರು' ಎಂಬ ಹೊಸ ಸಾಲು ಅಚ್ಚಾಗಿ ಬಂತು. ನನಗೆ ಸಿಕ್ಕ ಮೇಲಿನವರೆಲ್ಲ ಹೀಗೆ ಕಿವಿಯಿದ್ದವರು. ಇದು ನನ್ನ ಪುಣ್ಯ.

ಆ ವರ್ಕ್‌ಶಾಪಿಗೆ ಹಳೆಯ ಗಾಡಿಗಳನ್ನು ಬಿಡುತ್ತಿರಲಿಲ್ಲ. ನಾನು ಸೇರಿ ಐದಾರು ವರ್ಷವಾಗಿರಬಹುದು, ಒಂದು ಮಧ್ಯಾಹ್ನ ವಾಚ್‌ಮನ್ ಬಂದು, ಯಾರೋ ಅಮ್ಮ ಹಳೇ ಪಿಕಪ್ಪು ತಂದು ಗೇಟಿನ ಹೊರಗೆ ನಿಲ್ಲಿಸಿದ್ದಾರೆ, ಜರುಗಿಸಿ ಅಂದರೆ ಸಂಪಂಗಿ ಬರಲಿ ಅಂತಾರೆ ಎಂದ. ಹೋಗಿ ನೋಡಿದರೆ ಪಿಳ್ಳಮ್ಮ. ಕೂದಲು ಅರ್ಧ ಬೆಳ್ಳಗಾಗಿತ್ತು. ಪಕ್ಕದ ಸೀಟಿನಲ್ಲಿ ಮುನಿಯಪ್ಪ ಇರಲಿಲ್ಲ. ಆತ ಹೋಗಿ ವರ್ಷವಾಗಿತ್ತು. ಅಲ್ಲಿ ಹೊಸಕೋಟೆ ಕಡೆಯ ಒಬ್ಬ ಎತ್ತರದ ಯುವಕ ಮೊಣಕಾಲು ಮಡಚಿಕೊಂಡು ಕೂತಿದ್ದ.

"ಹೊಲ ಲೇಔಟಾಯ್ತಣ್ಣ, ಸೊಪ್ಪಿಲ್ಲ. ಗಾಡಿ ಇವ್ನಿಗೆ ಕೊಟ್ಟೆ," ಎಂದರು. "ಒಳ್ಳೆ ಹುಡುಗ. ಆದ್ರೆ ಉದ್ದ ಅವ್ನೆ. ಅವನ ಕಾಲಿಗೆ ಮಾಡ್ಕೊಡು. ನನ್ ಅಳತೇಲಿ ಓಡಿಸಿ ಎಲ್ಲಾದ್ರೂ ಗುದ್ದಿಕೊಂಡಾನು."

ಮಾರಿದ ಗಾಡಿ ಎಲ್ಲಿ ಹೋದರೇನು ಎನ್ನುವ ಕಾಲವದು. ಆಕೆ ಅದನ್ನು ತಾನೇ ಓಡಿಸಿಕೊಂಡು, ನನ್ನನ್ನು ಹುಡುಕಿಕೊಂಡು, ಕೊಂಡವನನ್ನೂ ಕೂರಿಸಿಕೊಂಡು ಬಂದಿದ್ದರು. ಊಟದ ಬಿಡುವಿತ್ತು. ಗೇಟಿನ ಹೊರಗಿನ ಹೊಂಗೆ ಮರದ ಕೆಳಗೆ ಗಾಡಿ ಹಾಕಿಸಿದೆ. ಮಣೆ ಬಿಚ್ಚಿದೆ, ದಿಂಬು ಬಿಚ್ಚಿದೆ. ಯುವಕನನ್ನು ಕೂರಿಸಿ ಕೆಳಗೆ ನುಗ್ಗಿದೆ. ನಾನು ಕೇಳುವ ಮೊದಲೇ ಪಿಳ್ಳಮ್ಮ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದರು, "ಹಿಡೀತಾ ಮಗಾ?"

"ಇನ್ನೂ ಇಲ್ಲಮ್ಮ."

"ಇನ್ನೊಂದು ಸುತ್ತು ತಿರುಗ್ಸು ಸಂಪಂಗಿ."

ತಿರುಗಿಸಿದೆ. ಗೇರು ಸದ್ದಿಲ್ಲದೆ ಬಿತ್ತು. ಪಿಳ್ಳಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು, ಅವತ್ತು ಮುನಿಯಪ್ಪ ನಿಂತಿದ್ದ ಹಾಗೆ. ಆಮೇಲೆ "ಸಾಕು ಬಿಡಪ್ಪ," ಎಂದರು.

ಯುವಕ ಗಾಡಿ ತೆಗೆದುಕೊಂಡು ಹೊರಟ. ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ನೋಡಿದೆವು. ನಾನು ಮಣೆಯನ್ನು ಒರೆಸಿ ಅವರ ಕೈಗೆ ಕೊಡಹೋದೆ. ತಗೊಳ್ಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ನಿಂಗೇ ಇರ್ಲಿ ಇಟ್ಕೋ. ಯಾವ್ದಾರ ಟೆಂಪೋ ಚಕ್ರಕ್ಕೆ ಅಡ್ಡ ಕೊಡು."

ನಿವೃತ್ತಿಯ ದಿನ ವರ್ಕ್‌ಶಾಪಿನಿಂದ ನಾನು ಮನೆಗೆ ತಂದದ್ದು ಉಸ್ತಾದರ ಪಾನಾ ಮತ್ತು ಆ ಮಣೆ. ಇವತ್ತಿಗೂ ಅದನ್ನು ಯಾವ ಚಕ್ರಕ್ಕೂ ಕೊಟ್ಟಿಲ್ಲ.